ಸಿಕ್ಕು ಬಿಡಿಸುವ ಮಾತು

ಕೂದಲ ಬಗ್ಗೆ ಬರೆಯುತ್ತೇವೆ ಅಂದಾಗ ಗೆಳೆಯರಲ್ಲಿ ಕೆಲವರು ನಕ್ಕರು. ‘ಕಾವಲು ಹೋಯ್ತು, ಕಟ್ಟೆ ಹೋದ್ವು, ನಿಮಗೆ ತಲೆಗೂದಲಿನ ಚಿಂತೆ ಹತ್ತಿತಾ?’ ಅಂದರು. ಹೌದ್ರಪ್ಪಾ, ಹತ್ತಿತು. ನೀರು ಯಾರ ಪಾಲಿಗೈತೆ, ಎಣ್ಣೆ ಯಾರ ಪಾಲಿಗೈತೆ, ಯಾರ ತಲೆಯನ್ನು ಯಾರು ಮುಟ್ಟುತ್ತಾರೆ ಅನ್ನುವ ಲೆಕ್ಕವೆಲ್ಲ ನಮ್ಮ ತಲೆಯ ಮೇಲೆಯೇ ಬರೆದಿದೆ. ಯಾರೂ ಕೂತು ಓದಿಲ್ಲ, ಅಷ್ಟೆ.

ನಮ್ಮದು ವರವು ಕಾವಲಿನ ಮಗ್ಗುಲು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ನಿಲ್ಲುವಂಥವು. ಇಲ್ಲಿ ಈಜು ಅನ್ನುವುದು ವರ್ಷಕ್ಕೆ ನಾಲ್ಕು ದಿನದ ಭಾಗ್ಯ. ಮಳೆ ಬಂದು ಕಟ್ಟೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಗುಂಪಿನ ಬಹಳ ಮಂದಿಯದು ಗುಂಗುರು ಕೂದಲು. ನೀರಿಗೆ ಬಿದ್ದು ಎದ್ದರೆ ಅದು ಮುಳ್ಳುಗಂಟಿ. ಬಾಚಣಿಗೆ ಇಟ್ಟರೆ ಹಲ್ಲು ಮುರಿಯುತ್ತದೆ. ‘ಗುಬ್ಬಚ್ಚಿ ಗೂಡು’, ‘ಕುರಿ ತುಪ್ಪಟ’, ‘ಜಾಲಿ ಪೊದೆ’ ಅಂತ ಶಾಲೆಯಲ್ಲಿ ನಮಗೆ ಹೆಸರಿಟ್ಟವರಿಗೆ ಲೆಕ್ಕವಿಲ್ಲ. ಹಾಜರಿ ಪುಸ್ತಕದ ಹೆಸರಿಗಿಂತ ಈ ಹೆಸರುಗಳೇ ಬೇಗ ಬಾಯಿಗೆ ಬರುತ್ತಿದ್ದವು.

ಡಿಗ್ರಿ ಮುಗಿದ ವರ್ಷ ನಾವು ಹನ್ನೊಂದು ಮಂದಿ, ಹುಡುಗರೂ ಹುಡುಗಿಯರೂ ಸೇರಿ, ಚೀಟಿ ಹಾಕಿ ದುಡ್ಡು ಕೂಡಿಸಿ ಮಲ್ಪೆಗೆ ಹೋದೆವು. ಸಮುದ್ರ ಕಂಡದ್ದು ಅದೇ ಮೊದಲು. ನಮ್ಮ ಮನೆಗಳಲ್ಲಿ ಯಾರೂ ಕಂಡವರಲ್ಲ. ಅಷ್ಟು ನೀರು, ಕಾಯಲು ಯಾರೂ ಇಲ್ಲ, ‘ಯಾವ ಕೇರಿಯವರಲೇ ನೀವು’ ಅಂತ ಕೇಳುವವರಿಲ್ಲ! ಬೆಳಿಗ್ಗೆ ಇಳಿದವರು ಮಧ್ಯಾಹ್ನದವರೆಗೆ ಮೇಲೆ ಬರಲಿಲ್ಲ. ಬಂದಾಗ ನೋಡಬೇಕಿತ್ತು ನಮ್ಮ ತಲೆಗಳನ್ನು. ಬಿಸಿಲಿಗೆ ಒಣಗುತ್ತ ಒಣಗುತ್ತ ಒಂದೊಂದು ಎಳೆಯೂ ಒಂದೊಂದು ದಿಕ್ಕಿಗೆ ಎದ್ದು ನಿಂತಿತು. ನಮ್ಮ ಜೊತೆಯ ಹುಡುಗಿಯೊಬ್ಬಳ ಕೂದಲು ಹೆಗಲಿನಗಲ ಆಯಿತು. ದಂಡೆಯ ಮೇಲೆ ಅಡ್ಡಾಡುತ್ತಿದ್ದ ಇಬ್ಬರು ಅವಳ ಕಡೆ ಮೊಬೈಲು ತಿರುಗಿಸಿ ನಕ್ಕರು. ಅವಳು ದುಪಟ್ಟಾ ಸುತ್ತಿಕೊಂಡಳು. ಊರು ಬರುವ ತನಕ ತೆಗೆಯಲಿಲ್ಲ. ಸಮುದ್ರ ಕೊಟ್ಟ ಖುಷಿಯನ್ನು ಒಂದು ನಗು ಕಿತ್ತುಕೊಂಡಿತು. ಅವತ್ತಿನಿಂದಲೇ ನಾವು ಕೂದಲಿನ ಬಗ್ಗೆ ಓದಲು, ಕೇಳಲು ಶುರುಮಾಡಿದ್ದು.

ತಿಳಿದದ್ದನ್ನು ಹೇಳುತ್ತೇವೆ. ಕೂದಲಿನ ಮೈಮೇಲೆ ಮೀನಿನ ಹಾಗೆ ಸಣ್ಣ ಸಣ್ಣ ಹುರುಪೆಗಳಿವೆ, ಹಂಚು ಹೊದಿಸಿದ ಮಾಡಿನಂತೆ ಒಂದರ ಮೇಲೊಂದು. ನೇರ ಕೂದಲಿನಲ್ಲಿ ನೆತ್ತಿಯ ಜಿಡ್ಡು ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಗುಂಗುರು ಕೂದಲು ಸುತ್ತು ಹಾಕಿಕೊಂಡು ಬೆಳೆಯುವುದರಿಂದ ಆ ಜಿಡ್ಡು ದಾರಿಯಲ್ಲೇ ನಿಲ್ಲುತ್ತದೆ. ತುದಿ ಯಾವಾಗಲೂ ಒಣ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ನೀರು ಆರಿದ ಮೇಲೆ ಉಪ್ಪು ಕೂದಲಿನಲ್ಲೇ ಉಳಿದು ಇದ್ದಬದ್ದ ಪಸೆಯನ್ನೂ ಎಳೆಯುತ್ತದೆ. ಹುರುಪೆ ಏಳುತ್ತದೆ, ಎದ್ದ ಹುರುಪೆ ಪಕ್ಕದ ಎಳೆಯನ್ನು ಹಿಡಿಯುತ್ತದೆ, ಸಿಕ್ಕು ಬೀಳುತ್ತದೆ. ಇದು ಕೂದಲಿನ ದೋಷವಲ್ಲ, ನಮ್ಮ ಹುಟ್ಟಿನ ದೋಷವಂತೂ ಅಲ್ಲವೇ ಅಲ್ಲ. ನೀರು, ಉಪ್ಪು, ಜಿಡ್ಡಿನ ವ್ಯವಹಾರ.

ಜಿಡ್ಡಿನ ಮಾತು ಬಂತು. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು. ಎಣ್ಣೆ ವ್ಯಾಪಾರದ ಜೋರಿಗೆ ಎರಡನೇ ಬೊಂಬಾಯಿ ಅಂತಲೂ ಕರೆದರು. ಶೇಂಗಾ ನಮ್ಮ ಹೊಲದ್ದು, ಬಳ್ಳಿ ಕಿತ್ತದ್ದು ನಮ್ಮ ಅವ್ವಂದಿರು, ಕಾಯಿ ಬಿಡಿಸಿದ್ದು ಅವರು, ಮೂಟೆ ಹೊತ್ತದ್ದು ನಮ್ಮ ಅಪ್ಪಂದಿರು. ಎಣ್ಣೆ ಮಾತ್ರ ನಮ್ಮ ತಲೆ ತನಕ ಬರಲಿಲ್ಲ. ‘ಸಾರಿಗೆ ಒಗ್ಗರಣೆ ಹಾಕಕ್ಕೇ ಎಣ್ಣೆ ಇರ್ಲಿಲ್ಲ, ತಲೀಗೆ ಎಲ್ಲಿಂದ ತರಾದು?’ ಅನ್ನುತ್ತಿದ್ದಳು ನಮ್ಮ ಅಜ್ಜಿ. ಯುಗಾದಿಗೊಮ್ಮೆ ಹರಳೆಣ್ಣೆ ಕಂಡರೆ ಕಂಡಂತೆ. ಎಣ್ಣೆಯ ಊರಿನಲ್ಲಿ ಎಣ್ಣೆ ಕಾಣದ ತಲೆಗಳು! ಕೆದರಿದ ತಲೆ ನೋಡಿ ‘ಇವರಿಗೆ ಶುಚಿಯಿಲ್ಲ’ ಅಂದವರು, ಆ ಎಣ್ಣೆಯ ಮೂಟೆ ಹೊತ್ತವರು ಯಾರು ಅಂತ ಕೇಳಲಿಲ್ಲ.

ಇನ್ನು ನೀರು. ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಬಾವಿ, ಕೆರೆ, ಸ್ನಾನಘಟ್ಟ ಅಂತ ಒಂದೊಂದನ್ನೂ ಹೆಸರಿಟ್ಟು, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಬರೆದಿದೆ. ದೇಶದ ಅತಿ ದೊಡ್ಡ ಕಾನೂನಿನೊಳಗೆ ಸ್ನಾನಘಟ್ಟ ಯಾಕೆ ಬಂತು? ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿಯಬೇಕಾಗಿ ಬಂದ ನಾಡು ಇದು, ಅದಕ್ಕೇ ಬಂತು. ಕುಡಿಯುವ ನೀರಿಗೇ ಆ ಪಾಡಾದರೆ ಈಜುವ ನೀರಿನ ಪಾಡೇನು? ದಲಿತರ ಮಗು ಬಾವಿಗೆ ಹಾರಿದರೆ ಬಾವಿ ಕೆಟ್ಟಿತು ಅಂತ ನೀರು ಹೊರಹಾಕಿಸಿದ ಕತೆಗಳನ್ನು ಕೇಳಿಯೇ ನಾವು ಬೆಳೆದದ್ದು.

ಆದರೆ ನಮ್ಮ ಹಿರಿಯರಿಗೆ ಈಜು ಬರುತ್ತಿತ್ತು. ಎಲ್ಲಿ ಕಲಿತರು? ಕಾವಲಿನಲ್ಲಿ. ಅರಸರ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳಿವು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಬೆಣ್ಣೆ ಚಾವಡಿ ಎಂದಿದ್ದ ಇಲಾಖೆಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಕಾಗದದ ಮೇಲೆ ಯಾರದೋ ಇದ್ದರೂ ಕಾಲಿಗೆ ಅದು ಎಲ್ಲರದಾಗಿತ್ತು. ಒಬ್ಬ ಗೌಡನದಲ್ಲ, ಒಂದು ಕೇರಿಯದಲ್ಲ. ಮಳೆ ಬಿದ್ದಾಗ ತಗ್ಗಿನ ಕಟ್ಟೆಗಳಲ್ಲಿ ನೀರು ನಿಲ್ಲುತ್ತಿತ್ತು. ದನ ಕಾಯಲು ಹೋದ ಹುಡುಗರು, ಕಟ್ಟಿಗೆಗೆ ಹೋದ ಹುಡುಗಿಯರು ಅಲ್ಲೇ ನೀರಿಗೆ ಬೀಳುತ್ತಿದ್ದರು. ಮಳೆನೀರು ಮೆದು. ಅದರಲ್ಲಿ ನೆಂದ ಕೂದಲು ಅಷ್ಟು ಒರಟಾಗುವುದಿಲ್ಲ. ಬಯಲಿನ ಲೋಳೆಸರ ಸೀಳಿ ತಲೆಗೆ ತಿಕ್ಕಿಕೊಂಡು, ಒಬ್ಬರ ತಲೆ ಒಬ್ಬರು ಹಿಡಿದು ಸಿಕ್ಕು ಬಿಡಿಸಿಕೊಂಡು, ಹೊತ್ತು ಮುಳುಗುವ ಮುಂಚೆ ದನ ಹೊಡೆದುಕೊಂಡು ಬರುತ್ತಿದ್ದರಂತೆ.

ಆ ಕಾವಲಿಗೆ ಈಗ ಗೋಡೆ ಬಂದಿದೆ. 2009-10ರಿಂದ ಈಚೆಗೆ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಯಿತು. ವರವು ಕಾವಲಿನ ಕಡೆ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ; ಅಲ್ಲಿ ವಿಮಾನ ಪರೀಕ್ಷೆಯ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ಉಳ್ಳಾರ್ತಿ ಕಾವಲು ಅಣುವಿಜ್ಞಾನದವರಿಗೆ, ಕುದಾಪುರದ ನೆಲ ವಿಜ್ಞಾನ ಸಂಸ್ಥೆಗೆ, ಬಾಹ್ಯಾಕಾಶದವರಿಗೆ. ಹಳ್ಳಿಯವರು ಬೀದಿಗಿಳಿದರು, ಪ್ರಕರಣ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಗೋಡೆ ಮಾತ್ರ ನಿಂತಿತು. ಮೇವು ಹೋಯಿತು, ಕುರಿ ಹೋದವು ಅಂತ ಎಲ್ಲರೂ ಬರೆದರು, ಬರೆಯಬೇಕಾದ್ದೇ. ನಮ್ಮ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಹೆದರದೆ ನೀರಿಗಿಳಿಯುತ್ತಿದ್ದ ಜಾಗವೂ ಹೋಯಿತು ಅಂತ ಯಾರೂ ಬರೆಯಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಅದಕ್ಕೆ ಕಲಮೇ ಇಲ್ಲ.

ಈಗ ನಮಗಿರುವುದು ಕೊಳವೆಬಾವಿ. ಆಳಕ್ಕೆ ಇಳಿದಷ್ಟೂ ನೀರು ಗಡಸು. ಸುಣ್ಣದಂಶ ತುಂಬಿದ ಈ ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲ, ಬಿಳಿ ಪೊರೆಯಾಗಿ ಕೂದಲಿಗೆ ಅಂಟುತ್ತದೆ. ಮಲ್ಪೆಯ ರೂಮಿನ ನಲ್ಲಿಯಲ್ಲಿ ಚಿಟಿಕೆ ಸೋಪಿಗೆ ಬೊಗಸೆ ನೊರೆ ಬಂದದ್ದು ನೋಡಿ ನಾವು ಬೆರಗಾದೆವು. ಶುಚಿ ಅನ್ನುವುದು ಗುಣವಲ್ಲ, ಬಹುಪಾಲು ನೀರಿನ ಭಾಗ್ಯ ಅಂತ ಅಲ್ಲಿ ಗೊತ್ತಾಯಿತು.

ನಮ್ಮ ಸೀಮೆಯಲ್ಲಿ ನೀರಿಗೆ ಬಿದ್ದು ಎದ್ದ ಗುಂಗುರು ಕೂದಲಿಗೆ ಬೆಲೆಯೇ ಇಲ್ಲ ಅಂತಲ್ಲ. ಇದೆ, ಕುರಿಯದಾದರೆ! ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಗಿಳಿಸಿ ಮೈ ತೊಳೆಸುತ್ತಾರೆ. ಒಣಗಿದ ಮೇಲೆ ಕತ್ತರಿ. ಹಿಂಜುತ್ತಾರೆ, ನೂಲುತ್ತಾರೆ, ಹುಣಸೆಬೀಜದ ಗಂಜಿ ಕೊಟ್ಟು ಗುಣಿಮಗ್ಗದಲ್ಲಿ ನೇಯುತ್ತಾರೆ. ಅದೇ ಹೆಸರುವಾಸಿ ಚಳ್ಳಕೆರೆ ಕಂಬಳಿ. ಒಂದು ಎಳೆ ಇನ್ನೊಂದನ್ನು ಹಿಡಿಯುವ ಗುಣವೇ ಉಣ್ಣೆಯ ಬಂಡವಾಳ. ಕಂಬಳಿ ಚಳಿ ತಡೆಯುವುದು, ಮಳೆ ತಡೆಯುವುದು ಅದರಿಂದಲೇ. ನಮ್ಮ ಅಜ್ಜಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಊರ ಕೆರೆಗೆ ಕುರಿ ಇಳಿಸಿ ತೊಳೀತಿದ್ರು ಕಣಪ್ಪ. ಸಾವಿರ ಕುರಿ ಇಳಿದ್ರೂ ಕೆರೆ ಮೈಲಿಗೆ ಆಗ್ತಿರ್ಲಿಲ್ಲ. ನಾವು ಒಬ್ರು ಕಾಲಿಟ್ರೆ ಆಗ್ತಿತ್ತು.’

ಇತ್ತ ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ಜಾಹೀರಾತುಗಳೂ ಕೇಳುವುದು ರೇಷ್ಮೆಯನ್ನೇ: ರೇಷ್ಮೆಯಂಥ ಕೂದಲು, ಜಾರುವ ಕೂದಲು, ಬೆನ್ನ ಮೇಲೆ ಹರಿಯುವ ಕೂದಲು. ನಮ್ಮ ಹುಡುಗಿಯರು ಕೂಲಿಯ ದುಡ್ಡು ಕೂಡಿಟ್ಟು ಪಟ್ಟಣದ ಪಾರ್ಲರಿನಲ್ಲಿ ಕೂದಲಿಗೆ ಇಸ್ತ್ರಿ ಮಾಡಿಸುವುದನ್ನು ಕಂಡಿದ್ದೇವೆ. ಅವರವರ ತಲೆ, ಅವರವರ ಇಷ್ಟ. ಆದರೆ ನಗುವವರಿಗೆ ಹೆದರಿ ಮಾಡಿಸುವುದಾದರೆ, ಇಸ್ತ್ರಿ ಬೀಳಬೇಕಾದ್ದು ಬೇರೆ ಕಡೆ. ಒಂದೇ ಸೀಮೆಯಲ್ಲಿ ರೇಷ್ಮೆಯೂ ಉಂಟು, ಉಣ್ಣೆಯೂ ಉಂಟು. ಉಣ್ಣೆಯನ್ನು ಕೆಟ್ಟ ರೇಷ್ಮೆ ಅಂತ ಯಾವ ನೇಕಾರನೂ ಅನ್ನುವುದಿಲ್ಲ.

ಇದು ನಮ್ಮೊಬ್ಬರ ಪಾಡೂ ಅಲ್ಲ. ಅಮೆರಿಕದ ಕಪ್ಪು ಜನ 1960ರ ದಶಕದಲ್ಲಿ ಕೂದಲಿಗೆ ಇಸ್ತ್ರಿ ಹಾಕುವುದನ್ನು ಬಿಟ್ಟು, ಬೆಳೆದ ಹಾಗೇ ಎತ್ತಿ ನಿಲ್ಲಿಸಿ ಬೀದಿಗೆ ಬಂದರು. ಆ ಕಪ್ಪು ಚಿರತೆಗಳ ಹೆಸರನ್ನೇ ತೆಗೆದುಕೊಂಡು ಮುಂಬಯಿಯಲ್ಲಿ 1972ರಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಕೂದಲಿನ ಬಗೆ ನೋಡಿ ಶಾಲೆಯಲ್ಲಿ, ಕೆಲಸದಲ್ಲಿ ಭೇದ ಮಾಡಬಾರದು ಅಂತ ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಕಾನೂನೇ ಆಯಿತು. ಕೂದಲು ಸಣ್ಣ ವಿಷಯ ಅನ್ನುವವರು ಇದನ್ನೂ ನೋಡಬೇಕು.

ನಮ್ಮ ನಾಡಿನಲ್ಲಿ ಸಿಕ್ಕು ನಗೆಗೆ ನಿಲ್ಲುವುದಿಲ್ಲ. ಕೆಲವು ಸಲ ಒಂದು ಬದುಕನ್ನೇ ನುಂಗುತ್ತದೆ. ನೆಂದ ಗುಂಗುರು ಕೂದಲಿಗೆ ಎಣ್ಣೆಯಿಲ್ಲ, ಬಾಚುವ ಪುರುಸೊತ್ತಿಲ್ಲ, ಅವ್ವ ಕೂಲಿಗೆ ಹೋಗಿದ್ದಾಳೆ. ಉದುರಿದ ಕೂದಲು ಕೆಳಗೆ ಬೀಳದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಧೂಳು, ಬೆವರು ಸೇರಿ ಉಣ್ಣೆ ಕಂಬಳಿಯಾದ ಹಾಗೆ ಅದು ಗಟ್ಟಿಯಾಗುತ್ತದೆ. ಒಂದು ದಿನ ಯಾರೋ ನೋಡಿ, ‘ಜಟೆ ಬಂದೈತೆ, ಎಲ್ಲಮ್ಮ ಕರೀತಾಳೆ’ ಅನ್ನುತ್ತಾರೆ. ಭಂಡಾರ ಬೀಳುತ್ತದೆ. ಬಾಚುವಂತಿಲ್ಲ, ಕತ್ತರಿಸುವಂತಿಲ್ಲ. ಹೀಗೆ ಜಟೆಯನ್ನೇ ದೇವಿಯ ಗುರುತು ಮಾಡಿ ಎಷ್ಟು ಹುಡುಗಿಯರಿಗೆ ಮುತ್ತು ಕಟ್ಟಿದರು! ಅವರಲ್ಲಿ ಬಹುಪಾಲು ನಮ್ಮ ಕೇರಿಯವರೇ. ಹಾಗೆ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ಮಾಡಿತು. ಕಾಯ್ದೆ ವಿಧಾನಸೌಧದಿಂದ ಕೇರಿಗೆ ನಡೆದುಕೊಂಡು ಬರಬೇಕಾದ್ದರಿಂದ ಬಹಳ ತಡವಾಯಿತು. ಮಹಾರಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಹೆಂಗಸರನ್ನು ಒಪ್ಪಿಸಿ ಜಟೆ ಕತ್ತರಿಸುವ ಕೆಲಸ ಮಾಡುತ್ತ ಬಂದಿದ್ದಾರೆ. ದಾಭೋಲ್ಕರರನ್ನು 2013ರಲ್ಲಿ ಗುಂಡಿಟ್ಟು ಕೊಂದರು. ಕೆಲಸ ನಿಲ್ಲಲಿಲ್ಲ.

ಸಿಕ್ಕು ದೇವಿಯ ಕರೆಯಲ್ಲ, ಎಣ್ಣೆಯಿಲ್ಲದ ಕರೆ. ಹುಡುಗಿಯ ತಲೆಯನ್ನು ವಾರಕ್ಕೊಮ್ಮೆ ಯಾರಾದರೂ ತೊಡೆಯ ಮೇಲಿಟ್ಟುಕೊಂಡು ಬಿಡಿಸಿದ್ದರೆ ಎಲ್ಲಮ್ಮ ಸುಮ್ಮನಿರುತ್ತಿದ್ದಳು.

ಕೊಪ್ಪಳದ ಹತ್ತಿರ ಭಾಗ್ಯನಗರ ಅಂತ ಊರಿದೆ. ಹಳ್ಳಿಹಳ್ಳಿ ತಿರುಗಿ ಪಾತ್ರೆ ಕೊಟ್ಟು ಕೂದಲು ಕೊಳ್ಳುವವರು ತಂದ ಉಂಡೆಗಳೆಲ್ಲ ಅಂಥ ಊರಿಗೆ ಸೇರುತ್ತವೆ. ಅಲ್ಲಿ ಹೆಂಗಸರು ದಿನವಿಡೀ ಕೂತು ಆ ಉಂಡೆಗಳ ಸಿಕ್ಕು ಬಿಡಿಸುತ್ತಾರೆ, ಉದ್ದ ನೋಡಿ ವಿಂಗಡಿಸುತ್ತಾರೆ. ಅದು ಹೊರದೇಶಕ್ಕೆ ಹೋಗಿ ಯಾರದೋ ತಲೆಗೆ ಅಲಂಕಾರವಾಗುತ್ತದೆ. ಉದುರಿದ ಮೇಲೆ ಲೋಕವೆಲ್ಲ ಮುಟ್ಟುವ ಕೂದಲು, ತಲೆಯ ಮೇಲಿದ್ದಾಗ ಮಾತ್ರ ಮೈಲಿಗೆ. ಹಳ್ಳಿಗಳಲ್ಲಿ ದಲಿತರ ತಲೆಗೆ ಬೀಳದ ಕತ್ತರಿಗಳು ಇವತ್ತಿಗೂ ಇವೆ. ಕ್ಷೌರಕ್ಕೆ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುವ ಹುಡುಗರಿದ್ದಾರೆ. ಹಾಗೆ ನಿರಾಕರಿಸುವುದು 1955ರ ಕಾಯ್ದೆಯಲ್ಲಿ ಅಪರಾಧ. ಕತ್ತರಿ ಹಿಡಿದವನೂ ಬಡವನೇ, ಅವನ ಹೆಗಲ ಹಿಂದೆ ಊರ ದೊಡ್ಡವರ ಕಣ್ಣಿದೆ ಅನ್ನುವುದು ನಮಗೆ ಗೊತ್ತು. ನಮ್ಮ ಜಗಳ ಆ ಕಣ್ಣಿನ ಜೊತೆ.

ಈಗ ನೇರ ಉಪಯೋಗದ ಮಾತು. ಹೋರಾಟದ ಪತ್ರಿಕೆಯಲ್ಲಿ ತಲೆ ಬಾಚುವುದು ಹೇಗೆ ಅಂತ ಬರೆಯಬಾರದು ಅನ್ನುವ ನಿಯಮವೇನಿಲ್ಲವಲ್ಲ.

ನೀರಿಗಿಳಿಯುವ ಮುಂಚೆ ಸಿಹಿನೀರಿನಲ್ಲಿ ತಲೆ ನೆನೆಸಿ. ಮೊದಲೇ ನೆಂದ ಕೂದಲು ಉಪ್ಪುನೀರನ್ನು ಕಡಿಮೆ ಹೀರುತ್ತದೆ. ಮೇಲೆ ತುದಿಯವರೆಗೆ ಎಣ್ಣೆ ಸವರಿ, ಸಡಿಲವಾಗಿ ಹೆಣೆದು ಕಟ್ಟಿ. ತೆಂಗಿನೆಣ್ಣೆಯಾದರೆ ಒಳ್ಳೆಯದು. ಅದನ್ನು ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗಳ ಜೊತೆ ಹೋಲಿಸಿ ನಮ್ಮ ದೇಶದವರೇ 2003ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದಿದೆ: ಮೂರರಲ್ಲಿ ತೆಂಗಿನೆಣ್ಣೆಯೊಂದೇ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸಿತು. ಸಣ್ಣ ಪ್ಯಾಕೆಟ್ಟು ಸಾಕು.

ಮೇಲೆ ಬಂದ ಕೂಡಲೇ, ಒಣಗುವ ಮುಂಚೆ, ಸಿಹಿನೀರು ಹಾಕಿ ಉಪ್ಪು ತೆಗೆಯಿರಿ. ಕೆರೆ ಕಟ್ಟೆಯಾದರೆ ಕೆಸರು ತೆಗೆಯಿರಿ. ಒರಟು ಟವೆಲಿನಲ್ಲಿ ಉಜ್ಜಬೇಡಿ, ಅವ್ವನ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಹಿಂಡಿ ಬಿಡಿ. ಸಿಕ್ಕನ್ನು ಕೂದಲು ಹಸಿಯಿದ್ದಾಗಲೇ ಬಿಡಿಸಬೇಕು. ಕೈಗೆ ತುಸು ಎಣ್ಣೆಯೋ, ಲೋಳೆಸರವೋ, ದಾಸವಾಳದ ಎಲೆಯ ಲೋಳೆಯೋ ಹಚ್ಚಿಕೊಂಡು ಮೊದಲು ಬೆರಳಲ್ಲಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ. ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ನೆತ್ತಿಯಿಂದ ಎಳೆದರೆ ಸಣ್ಣ ಗಂಟುಗಳೆಲ್ಲ ಸೇರಿ ಒಂದು ದೊಡ್ಡ ಗಂಟಾಗುತ್ತದೆ. ಹೇನು ತೆಗೆಯುವ ಸೀರಣಿಗೆ ಆ ಹೊತ್ತಿಗೆ ಬೇಡ. ಒಣಗಿದ ಮೇಲೆ ಗುಂಗುರನ್ನು ಬಾಚಲೇಬಾರದು, ಬಾಚಿದರೆ ಹತ್ತಿ ಹಿಂಜಿದ ಹಾಗೆ ಏಳುತ್ತದೆ.

ನಮ್ಮ ಗಡಸು ನೀರಿಗೆ ಸೋಪಿಗಿಂತ ಸೀಗೆಪುಡಿ ವಾಸಿ, ಅದು ಬಿಳಿ ಪೊರೆ ಕಟ್ಟುವುದಿಲ್ಲ. ಕಡೆಯ ಚೊಂಬು ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿಕೊಳ್ಳಿ. ಮಳೆ ಬಂದಾಗ ಸೂರಿನ ನೀರು ಹಿಡಿದಿಡಿ, ತಲೆಗೆ ಅದಕ್ಕಿಂತ ದೊಡ್ಡ ಔಷಧಿಯಿಲ್ಲ.

ಹಳ್ಳಿಶಾಲೆಯ ಮೇಷ್ಟ್ರುಗಳೇ, ಟೀಚರಮ್ಮಗಳೇ, ಹಾಸ್ಟೆಲಿನ ವಾರ್ಡನ್ನುಗಳೇ, ನಿಮಗೊಂದು ಮಾತು. ಕೆದರಿದ ತಲೆಯ ಹುಡುಗಿ ಬಂದರೆ ಸಾಲಿನಿಂದ ಹೊರಗೆ ನಿಲ್ಲಿಸಬೇಡಿ. ಹೇನು ಅಂತ ಕೇಳದೆ ಬೋಳಿಸಬೇಡಿ. ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದು ಎಣ್ಣೆ ಬಾಟ್ಲಿ, ಒಂದು ಅಗಲ ಹಲ್ಲಿನ ಬಾಚಣಿಗೆ ಇಡಿ. ಯಾವ ಮಗುವಿನ ತಲೆಯಲ್ಲಾದರೂ ಗಂಟು ಗಟ್ಟಿಯಾಗುತ್ತಿದ್ದರೆ ಪೂಜಾರಿಗಿಂತ ಮೊದಲು ನಿಮ್ಮ ಕೈ ಅಲ್ಲಿಗೆ ಹೋಗಲಿ.

2022ರ ಮಳೆಗೆ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು, ವೇದಾವತಿ ಹರಿಯಿತು. ದಂಡೆಯ ಊರುಗಳ ಹುಡುಗರೆಲ್ಲ ನೀರಿಗೆ ಬಿದ್ದರು. ಹುಡುಗಿಯರು ಮೇಲೆ ನಿಂತು ನೋಡಿದರು. ನೀರು ಬಂದರೂ ಈಜು ಎಲ್ಲರಿಗೂ ಬರಲಿಲ್ಲ. ಅದಕ್ಕೇ ನಾವು ಮಾತಾಡಿಕೊಂಡಿದ್ದೇವೆ: ಈ ಸಲ ಗೋಡೆಯ ಹೊರಗೆ ಉಳಿದ ಕಟ್ಟೆಗಳಲ್ಲಿ ನೀರು ನಿಂತರೆ, ಭಾನುವಾರಗಳಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುವುದು. ಯಾವ ಕೇರಿಯ ಮಕ್ಕಳಾದರೂ ಬರಲಿ. ಕಲಿಸಲು ನಮ್ಮ ಅಕ್ಕಂದಿರಿದ್ದಾರೆ. ದಂಡೆಯ ಮೇಲೆ ಚಾಪೆ ಹಾಸಿ ಎಣ್ಣೆ, ಬಾಚಣಿಗೆ, ಹಳೇ ಸೀರೆ ತುಂಡು ಇಟ್ಟಿರುತ್ತೇವೆ. ಬರುವವರು ಭಾಷಣ ತರಬೇಕಾಗಿಲ್ಲ. ಕೂತು ಒಂದೊಂದು ತಲೆ ಹಿಡಿದುಕೊಂಡರೆ ಸಾಕು, ಬಿಡಿಸುವುದು ಬಹಳ ಇದೆ.